ಗೆಸ್ಟ್ ಅಡಿಷನ್ಸ್ ಹಾಕುವ ಮೊದಲು ಕರ್ನಲ್ ನೋಡಿ: ನನ್ನ ಅನುಭವ

ಕಲಬುರಗಿಯಲ್ಲಿ ನನ್ನ ಹತ್ತಿರ ಲಿನಕ್ಸ್ ಕಲಿಯಲು ಬರುವ ಹುಡುಗರಲ್ಲಿ ಹೆಚ್ಚಿನವರು ಆಳಂದ, ಸೇಡಂ, ಚಿತ್ತಾಪುರ ಕಡೆಯಿಂದ ಬಸ್ಸಿನಲ್ಲಿ ಬಂದು ಹೋಗುವವರು. ಮನೆಗೆಲ್ಲಾ ಸೇರಿ ಒಂದೇ ಲ್ಯಾಪ್‌ಟಾಪ್. ಅದರಲ್ಲಿ ವಿಂಡೋಸ್, ನುಡಿ, ಕಾಲೇಜಿನ ಫೈಲು, ಅಕ್ಕನ ಮದುವೆ ಫೋಟೊ ಎಲ್ಲವೂ ಇರುತ್ತವೆ. ಅದನ್ನು ಅಳಿಸಿ ಲಿನಕ್ಸ್ ಹಾಕಿಕೋ ಅನ್ನಲು ನನಗೆ ಮನಸ್ಸು ಬರುವುದಿಲ್ಲ. ಅದಕ್ಕೇ ವಿಂಡೋಸ್ ಒಳಗೇ ಇನ್ನೊಂದು ಕಂಪ್ಯೂಟರ್ ಇದ್ದ ಹಾಗೆ ಮಾಡುವ ವರ್ಚುವಲ್‌ಬಾಕ್ಸ್ ಹಾಕಿ ಅದರೊಳಗೆ ಉಬುಂಟು ಅನ್ನುವ ಲಿನಕ್ಸ್ ಹಾಕಿಸುತ್ತೇನೆ. ಆ ಒಳಗಿನ ಕಂಪ್ಯೂಟರಿಗೆ ವಿಎಂ (ವರ್ಚುವಲ್ ಮಷೀನ್) ಅಂತಲೂ, ಹೊರಗಿನದಕ್ಕೆ ಹೋಸ್ಟ್ ಅಂತಲೂ ಹೆಸರು. ಹಾಕಿದ ಕೂಡಲೇ ಕೇಳಿ ಬರುವ ಮಾತು ಹೆಚ್ಚುಕಮ್ಮಿ ಇದೇ: "ಅಣ್ಣಾ, ಸ್ಕ್ರೀನ್ ದೊಡ್ಡದಾಗವಲ್ದು ನೋಡ್ರಿ."

ವರ್ಚುವಲ್‌ಬಾಕ್ಸ್‌ನ ಗೆಸ್ಟ್ ಅಡಿಷನ್ಸ್ ಅನ್ನುವ ಸಾಫ್ಟ್‌ವೇರ್ ಬೇಕಾಗುವುದು ಇಲ್ಲೇ. ಕಿಟಕಿ ಎಳೆದಷ್ಟು ಸ್ಕ್ರೀನ್ ಹಿಗ್ಗುವುದು, ವಿಂಡೋಸ್‌ನಲ್ಲಿ ಕಾಪಿ ಮಾಡಿದ್ದನ್ನು ಲಿನಕ್ಸ್‌ನಲ್ಲಿ ಪೇಸ್ಟ್ ಮಾಡುವುದು, ಎರಡೂ ಕಡೆ ಒಂದೇ ಫೋಲ್ಡರ್ ಕಾಣುವುದು, ಗಡಿಯಾರ ಸರಿಯಾಗಿ ಓಡುವುದು, ಎಲ್ಲಾ ಇದರ ಕೆಲಸ. ಆದರೆ ಇದು ಬರೀ ಒಂದು ಆಪ್ ಅಲ್ಲ. ಇದರ ಮುಖ್ಯ ಭಾಗ ಲಿನಕ್ಸ್‌ನ ತಿರುಳಾದ ಕರ್ನಲ್ ಒಳಗೆ ಹೋಗಿ ಕೂರುವ ಮಾಡ್ಯೂಲ್, ಅಂದರೆ ಒಂದು ತುಣುಕು. ಈಗ ಓಡುತ್ತಿರುವ ಕರ್ನಲ್‌ಗೆ ಸರಿಹೊಂದುವಂತೆ ಅದನ್ನು ಅಲ್ಲೇ ಕಂಪೈಲ್ ಮಾಡಬೇಕು, ಅಂದರೆ ಮೂಲ ಕೋಡಿನಿಂದ ಕಟ್ಟಬೇಕು. ಮೈ ಅಳತೆ ತೆಗೆದುಕೊಂಡು ಅಂಗಿ ಹೊಲಿದ ಹಾಗೆ. ಆ ಅಳತೆ ಸಿಗುವುದು ಕರ್ನಲ್ ಹೆಡರ್ಸ್ ಪ್ಯಾಕೇಜಿನಲ್ಲಿ. ನಾನು ನೋಡಿದ ತೊಂದರೆಗಳಲ್ಲಿ ಜಾಸ್ತಿ ಪಾಲು ಹೆಡರ್ಸ್ ಇಲ್ಲದೆ, ಇಲ್ಲವೇ ಬೇರೆ ವರ್ಷನ್ನಿನ ಹೆಡರ್ಸ್ ಇದ್ದು ಆದವು.

ಹಾಗಾಗಿ ಗೆಸ್ಟ್ ಅಡಿಷನ್ಸ್ ಇರುವ ಸಿಡಿ (ನಿಜವಾದ ತಟ್ಟೆಯಲ್ಲ, ಸಿಡಿ ರೂಪದ ಫೈಲು) ಮುಟ್ಟುವ ಮೊದಲು ನಾನು ವಿಎಂನ ಸಿಸ್ಟಮ್ ಪೂರ್ತಿ ಅಪ್‌ಡೇಟ್ ಮಾಡುತ್ತೇನೆ. ಆಮೇಲೆ ರೀಬೂಟ್. ಈ ರೀಬೂಟ್ ಬಿಡಬಾರದು. ಅಪ್‌ಡೇಟ್‌ನಲ್ಲಿ ಹೊಸ ಕರ್ನಲ್ ಬಂದು ಕೂತಿರುತ್ತದೆ, ಓಡುತ್ತಿರುವುದು ಮಾತ್ರ ಹಳೆಯದೇ. ಆಗ ಹೆಡರ್ಸ್ ಕೇಳಿದರೆ ಹಳೆಯದಕ್ಕೆ ಸಿಗುತ್ತವೆ. ರೀಬೂಟ್ ಆದ ಮೇಲೆ ಟರ್ಮಿನಲ್‌ನಲ್ಲಿ ಯುನೇಮ್ ಹೈಫನ್ ಆರ್ ಅಂತ ಕೊಟ್ಟರೆ ಈಗಿನ ಕರ್ನಲ್ ಹೆಸರು ಬರುತ್ತದೆ. ಅದೇ ಹೆಸರಿನ ಲಿನಕ್ಸ್-ಹೆಡರ್ಸ್ ಪ್ಯಾಕೇಜ್, ಜೊತೆಗೆ ಮಾಡ್ಯೂಲ್ ಕಟ್ಟುವ ಸಾಮಾನುಗಳಾದ ಬಿಲ್ಡ್-ಎಸೆನ್ಶಿಯಲ್, ಪರ್ಲ್, ಡಿಕೆಎಂಎಸ್ ಹಾಕಿಕೊಳ್ಳಿ. ಕಂಪೈಲ್ ಮಾಡಲು ಬೇಕಾದ ಜಿಸಿಸಿ, ಮೇಕ್ ಎರಡೂ ಬಿಲ್ಡ್-ಎಸೆನ್ಶಿಯಲ್ ಜೊತೆಗೇ ಬರುತ್ತವೆ. ಉಬುಂಟು ಬದಲು ಫೆಡೋರಾ ಲಿನಕ್ಸ್ ಹಾಕಿದವರು ಹೆಡರ್ಸ್ ಬದಲು ಕರ್ನಲ್-ಡೆವೆಲ್ ಹಾಕಬೇಕು, ಅಲ್ಲೂ ವರ್ಷನ್ ತಾಳೆಯಾಗಬೇಕು. ಇಂಟರ್ನೆಟ್ ಬೇಕಾಗುವುದು ಇಷ್ಟಕ್ಕೇ. ಗೆಸ್ಟ್ ಅಡಿಷನ್ಸ್ ಸಿಡಿ ವಿಂಡೋಸ್‌ನ ವರ್ಚುವಲ್‌ಬಾಕ್ಸ್ ಜೊತೆಗೇ ಬಂದಿರುತ್ತದೆ, ಮತ್ತೆ ಇಳಿಸಿಕೊಳ್ಳಬೇಕಾಗಿಲ್ಲ. ಮೊಬೈಲ್ ಹಾಟ್‌ಸ್ಪಾಟ್ ನಂಬಿಕೊಂಡ ಹುಡುಗರಿಗೆ ಇದು ದೊಡ್ಡ ಅನುಕೂಲ.

ಏನಾದರೂ ಕೆಟ್ಟರೆ ವಿಎಂ ಅನ್ನು ಇದೇ ಸ್ಥಿತಿಗೆ ತರಲು ಇಲ್ಲಿಗೆ ಒಂದು ಸ್ನ್ಯಾಪ್‌ಶಾಟ್ ತೆಗೆದಿಟ್ಟು ಮುಂದೆ ಹೋಗುತ್ತೇನೆ. ವಿಎಂ ಓಡುತ್ತಿರುವಾಗಲೇ ಮೇಲಿನ ಡಿವೈಸಸ್ ಮೆನುವಿನ ಕೊನೆಯಲ್ಲಿ ಗೆಸ್ಟ್ ಅಡಿಷನ್ಸ್ ಸಿಡಿ ಹಾಕುವ ಆಯ್ಕೆ ಇದೆ. ಅದನ್ನು ಒತ್ತಿದರೆ ಲಿನಕ್ಸ್‌ನಲ್ಲಿ ಸಿಡಿ ಕಾಣಿಸುತ್ತದೆ. ಅದಾಗೇ ಓಡದಿದ್ದರೆ ಟರ್ಮಿನಲ್‌ನಲ್ಲಿ ಆ ಸಿಡಿಯ ಫೋಲ್ಡರ್‌ಗೆ ಹೋಗಿ, ಹೆಸರಿನಲ್ಲಿ ಲಿನಕ್ಸ್ ಅಡಿಷನ್ಸ್ ಅಂತ ಇರುವ ಡಾಟ್ ರನ್ ಫೈಲನ್ನು ಸುಡೊ (ಅಡ್ಮಿನ್ ಅಧಿಕಾರ) ಶೆಲ್ ಮೂಲಕ ಓಡಿಸಿ. ಕರ್ನಲ್ ಮಾಡ್ಯೂಲ್ ಕಟ್ಟುತ್ತಿದ್ದೇನೆ, ಸ್ವಲ್ಪ ಹೊತ್ತು ಹಿಡಿಯಬಹುದು ಅಂತ ಒಂದು ಸಾಲು ಬರುತ್ತದೆ. ಆಗ ಟರ್ಮಿನಲ್ ಕಿಟಕಿ ಮುಚ್ಚಬೇಡಿ. ಬೇಸಿಗೆಯಲ್ಲಿ ಇಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ, ಹಳೆಯ ಲ್ಯಾಪ್‌ಟಾಪಿನ ಫ್ಯಾನು ಮೊದಲೇ ಜೋರಾಗಿ ಓಡುತ್ತಿರುತ್ತದೆ. ವಿಎಂಗೆ ಎರಡು ಪ್ರೊಸೆಸರ್ ಕೊಟ್ಟರೆ ಸಾಕು, ಇದ್ದದ್ದನ್ನೆಲ್ಲಾ ಕೊಡಬೇಡಿ.

ಮುಗಿದ ಮೇಲೆ ಮತ್ತೆ ರೀಬೂಟ್ ಮಾಡಿ, ಎಲ್‌ಎಸ್‌ಮಾಡ್ ಕೊಟ್ಟು ನೋಡಿ. ಪಟ್ಟಿಯಲ್ಲಿ ವಿಬಾಕ್ಸ್‌ಗೆಸ್ಟ್ ಇರಬೇಕು. ಇಲ್ಲದಿದ್ದರೆ ಸುಮ್ನೆ ಮತ್ತೆ ಮತ್ತೆ ಇನ್‌ಸ್ಟಾಲ್ ಮಾಡುತ್ತಾ ಕೂರಬೇಡಿ. ವಾರ್ ಲಾಗ್ ಫೋಲ್ಡರ್‌ನಲ್ಲಿ ವಿಬಾಕ್ಸ್‌ಆಡ್-ಸೆಟಪ್ ಹೆಸರಿನ ಲಾಗ್ ಇರುತ್ತದೆ, ಯಾವುದು ಸಿಗಲಿಲ್ಲ ಅಂತ ಅದರಲ್ಲೇ ಬರೆದಿರುತ್ತದೆ. ಕಂಪೈಲ್ ಸರಿಯಾಗಿದ್ದೂ ಮಾಡ್ಯೂಲ್ ಒಳಗೆ ಹೋಗದಿದ್ದರೆ, ವಿಎಂನಲ್ಲಿ ಸೆಕ್ಯೂರ್ ಬೂಟ್ ಆನ್ ಇದೆಯಾ ನೋಡಿ. ಸಹಿ ಇಲ್ಲದ ಮಾಡ್ಯೂಲನ್ನು ಅದು ಬಿಟ್ಟುಕೊಳ್ಳುವುದಿಲ್ಲ.

ಶೇರ್ಡ್ ಫೋಲ್ಡರ್ ವಿಷಯ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಸೆಟ್ಟಿಂಗ್ಸ್‌ನಲ್ಲಿ ಫೋಲ್ಡರ್ ಸೇರಿಸಿ ಆಟೋಮೌಂಟ್ ಟಿಕ್ ಮಾಡಿದರೆ, ಉಬುಂಟುವಿನ ಮೀಡಿಯಾ ಫೋಲ್ಡರ್ ಕೆಳಗೆ ಹೆಸರಿನ ಮುಂದೆ ಎಸ್‌ಎಫ್ ಸೇರಿ ಅದು ಕಾಣಿಸುತ್ತದೆ. ತೆರೆಯಲು ಹೋದರೆ ಅನುಮತಿ ಇಲ್ಲ ಅನ್ನುತ್ತದೆ. ಯಾಕೆಂದರೆ ಅದು ವಿಬಾಕ್ಸ್‌ಎಸ್‌ಎಫ್ ಅನ್ನುವ ಗುಂಪಿನವರಿಗೆ ಮಾತ್ರ. ಯೂಸರ್‌ಮಾಡ್ ಕಮಾಂಡ್‌ನಲ್ಲಿ ನಿಮ್ಮ ಹೆಸರನ್ನು ಆ ಗುಂಪಿಗೆ ಸೇರಿಸಬೇಕು. ಅಲ್ಲಿ ಚಿಕ್ಕ ಎ, ದೊಡ್ಡ ಜಿ ಎರಡೂ ಇರಲೇಬೇಕು. ಬರೀ ಜಿ ಕೊಟ್ಟರೆ ಹೊಸ ಗುಂಪಿಗೆ ಸೇರುತ್ತೀರಿ, ಹಳೆಯ ಗುಂಪುಗಳಿಂದ ಹೊರಬೀಳುತ್ತೀರಿ. ಸುಡೊ ಗುಂಪೂ ಅದರಲ್ಲೇ ಹೋಗುತ್ತದೆ. ನಾನು ಹುಡುಗರ ಪಕ್ಕದಲ್ಲೇ ಕೂತು, ಎಂಟರ್ ಒತ್ತುವ ಮೊದಲು ಆ ಸಾಲನ್ನು ಬಾಯಿಬಿಟ್ಟು ಓದಿಸುತ್ತೇನೆ. ಆಮೇಲೆ ಲಾಗ್‌ಔಟ್ ಆಗಿ ಒಳಗೆ ಬಂದರೇ ಗುಂಪು ಲೆಕ್ಕಕ್ಕೆ ಬರುವುದು.

ಕ್ಲಿಪ್‌ಬೋರ್ಡ್ ಮೊದಲು ಆಫ್ ಇರುತ್ತದೆ. ಡಿವೈಸಸ್ ಮೆನುವಿನಲ್ಲೇ ಬೈಡೈರೆಕ್ಷನಲ್ (ಎರಡೂ ಕಡೆಗೆ) ಮಾಡಿಕೊಳ್ಳಿ. ಇಲ್ಲಿ ಕನ್ನಡದವರಿಗೆ ಒಂದು ಮಾತು ಹೇಳಲೇಬೇಕು. ನುಡಿಯಲ್ಲಿ ಆಸ್ಕಿ ಫಾಂಟ್ ಬಳಸಿ ಟೈಪ್ ಮಾಡಿದ್ದನ್ನು ಲಿನಕ್ಸ್‌ನಲ್ಲಿ ಪೇಸ್ಟ್ ಮಾಡಿದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ ಬರುತ್ತವೆ. ಗೆಸ್ಟ್ ಅಡಿಷನ್ಸ್ ಸರಿಯಾಗಿಲ್ಲ ಅಂದುಕೊಳ್ಳಬೇಡಿ. ಆ ಬರಹ ಮೊದಲಿಂದಲೂ ಇಂಗ್ಲಿಷ್ ಅಕ್ಷರಗಳೇ, ಫಾಂಟ್ ಅದನ್ನು ಕನ್ನಡವಾಗಿ ತೋರಿಸುತ್ತಿತ್ತು ಅಷ್ಟೇ. ಯುನಿಕೋಡ್‌ನಲ್ಲಿ ಬರೆದದ್ದು ಒತ್ತಕ್ಷರ ಸಮೇತ ಹಾಗೇ ಬರುತ್ತದೆ.

ಗಡಿಯಾರವನ್ನು ಯಾರೂ ಲೆಕ್ಕಕ್ಕಿಡುವುದಿಲ್ಲ, ಅಲ್ವಾ? ಲ್ಯಾಪ್‌ಟಾಪ್ ಮುಚ್ಚಿ ಬಸ್ ಹತ್ತಿ ಮನೆಗೆ ಹೋಗಿ ತೆರೆದರೆ ವಿಎಂನ ಸಮಯ ಹಿಂದೆ ಬಿದ್ದಿರುತ್ತದೆ. ಆಗ ಅಪ್‌ಡೇಟ್ ಕೊಟ್ಟರೆ, ರಿಲೀಸ್ ಫೈಲ್ ಇನ್ನೂ ಚಾಲ್ತಿಗೆ ಬಂದಿಲ್ಲ ಅನ್ನುವ ವಿಚಿತ್ರ ಎರರ್ ಬರುತ್ತದೆ. ಗೆಸ್ಟ್ ಅಡಿಷನ್ಸ್ ಇದ್ದರೆ ಅದು ಹೋಸ್ಟ್‌ನ ಸಮಯ ನೋಡಿಕೊಂಡು ಸರಿಮಾಡುತ್ತದೆ.

ಕಂಪೈಲ್ ಮಾಡದೆಯೂ ಕೆಲಸ ಆಗುತ್ತದೆ. ವಿಬಾಕ್ಸ್‌ಗೆಸ್ಟ್ ಮಾಡ್ಯೂಲ್ 2018ರಲ್ಲಿ ಬಂದ 4.16 ಕರ್ನಲ್‌ನಿಂದ, ಶೇರ್ಡ್ ಫೋಲ್ಡರ್‌ನದು 2020ರ 5.6ರಿಂದ ಲಿನಕ್ಸ್‌ನಲ್ಲೇ ಇವೆ. ಉಬುಂಟುವಿನ ವರ್ಚುವಲ್‌ಬಾಕ್ಸ್-ಗೆಸ್ಟ್-ಯುಟಿಲ್ಸ್, ವರ್ಚುವಲ್‌ಬಾಕ್ಸ್-ಗೆಸ್ಟ್-ಎಕ್ಸ್11 ಪ್ಯಾಕೇಜ್ ಹಾಕಿದರೆ ಸಾಮಾನ್ಯ ಬಳಕೆಗೆ ಸಾಕು. ಆದರೂ ನಾನು ಸಿಡಿಯನ್ನೇ ಇಷ್ಟಪಡುತ್ತೇನೆ. ಅದು ಹೋಸ್ಟ್‌ನ ವರ್ಚುವಲ್‌ಬಾಕ್ಸ್ ವರ್ಷನ್ನಿಗೆ ಸರಿಯಾಗಿರುತ್ತದೆ, ಕರ್ನಲ್ ಮಾಡ್ಯೂಲ್ ಅಂದರೇನು ಅಂತ ಹುಡುಗರ ಕೈಗೂ ತಿಳಿಯುತ್ತದೆ. ಎರಡನ್ನೂ ಒಟ್ಟಿಗೆ ಮಾತ್ರ ಹಾಕಬೇಡಿ. ಮುಂದೆ ಕರ್ನಲ್ ಬದಲಾಗಿ ಸ್ಕ್ರೀನ್ ಮತ್ತೆ ಚಿಕ್ಕದಾದರೆ, ಹೊಸ ಹೆಡರ್ಸ್ ಹಾಕಿ ಆರ್‌ಸಿವಿಬಾಕ್ಸ್‌ಆಡ್ ಸೆಟಪ್ ಅಂತ ಕೊಟ್ಟರೆ ಮಾಡ್ಯೂಲ್ ಮತ್ತೆ ಕಟ್ಟಿಕೊಳ್ಳುತ್ತದೆ.

ವರ್ಚುವಲ್‌ಬಾಕ್ಸ್ ಬದಲು ವಿಎಂವೇರ್ ಬಳಸುವವರಿಗೆ ಇಷ್ಟೆಲ್ಲಾ ಬೇಡ. ಓಪನ್-ವಿಎಂ-ಟೂಲ್ಸ್-ಡೆಸ್ಕ್‌ಟಾಪ್ ಹಾಕಿ ರೀಬೂಟ್ ಮಾಡಿದರಾಯಿತು.

ಈಗ ನಾನು ಒಂದು ವಿಎಂ ಪೂರ್ತಿ ತಯಾರು ಮಾಡಿ, ಓವಿಎ ಫೈಲಾಗಿ (ಇಡೀ ವಿಎಂ ಒಂದೇ ಫೈಲಿನಲ್ಲಿ) ಎಕ್ಸ್‌ಪೋರ್ಟ್ ಮಾಡಿಟ್ಟಿದ್ದೇನೆ. ಇಂಟರ್ನೆಟ್ ಸರಿಯಾಗಿ ಸಿಗದ ಹುಡುಗರಿಗೆ ಪೆನ್‌ಡ್ರೈವ್‌ನಲ್ಲಿ ಅದನ್ನೇ ಕೊಡುತ್ತೇನೆ. ಫ್ಯಾಟ್32 ಪೆನ್‌ಡ್ರೈವ್ ಆದರೆ 4 ಜಿಬಿಗಿಂತ ದೊಡ್ಡ ಫೈಲ್ ಹಿಡಿಸುವುದಿಲ್ಲ, ಎಕ್ಸ್‌ಫ್ಯಾಟ್ ಮಾಡಿಕೊಂಡು ಬನ್ನಿ ಅನ್ನುತ್ತೇನೆ. ಇಂಪೋರ್ಟ್ ಮಾಡುವಾಗ ಹೊಸ ಮ್ಯಾಕ್ ಅಡ್ರೆಸ್ (ನೆಟ್‌ವರ್ಕ್‌ನಲ್ಲಿ ವಿಎಂನ ಗುರುತು) ಕೊಡುವ ಆಯ್ಕೆ ಹಾಕಬೇಕು. ಆಮೇಲೆ ಶೇರ್ಡ್ ಫೋಲ್ಡರನ್ನು ಅವರವರ ಲ್ಯಾಪ್‌ಟಾಪ್‌ಗೆ ತಕ್ಕ ಹಾಗೆ ಮತ್ತೆ ಸೇರಿಸಿಕೊಂಡು, ನಾನಿಟ್ಟ ಪಾಸ್‌ವರ್ಡ್ ನನ್ನ ಮುಂದೆಯೇ ಬದಲಿಸಿಕೊಂಡು ಹೋಗಬೇಕು.