ನಿಮ್ಮ ಏರ್ ರೈಫಲ್‌ಗೆ ಒಗ್ಗುವ ಪೆಲೆಟ್ಟನ್ನು ಪರೀಕ್ಷಿಸಿ ಆರಿಸುವ ಬಗೆ

ಬೇಟೆಯ ರೈಫಲ್ಲಿಗೆ ಮನೆಯಲ್ಲೇ ತೋಟಾ ತುಂಬಿ, ಮದ್ದಿನ ಅಳತೆಯನ್ನು ಒಂದಿಷ್ಟು ಹೆಚ್ಚು ಕಡಿಮೆ ಮಾಡುತ್ತ ಗುರಿಯ ನಿಖರತೆಯನ್ನು ಹುಡುಕುವ ಹವ್ಯಾಸ ಹೊರದೇಶಗಳಲ್ಲಿ ಉಂಟು. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಿಂದಾಗಿ ಬೇಟೆಗೆ ಅವಕಾಶವಿಲ್ಲ. ಪರವಾನಗಿಯಿಲ್ಲದೆ ಮದ್ದುಗುಂಡು ತಯಾರಿಸುವುದು 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಅಪರಾಧ. ಆದರೆ ಆ ಹುಡುಕಾಟದ ಸ್ವಾರಸ್ಯ ಬೇಕೆನ್ನುವವರಿಗೆ ಬೆಂಗಳೂರಿನ ಯಾವುದೇ 10 ಮೀಟರ್ ಶೂಟಿಂಗ್ ರೇಂಜಿನಲ್ಲಿ, 4.5 ಮಿ.ಮೀ. ಏರ್ ರೈಫಲ್ ಹಿಡಿದು ನಿಂತಲ್ಲಿ ಅದು ಧಾರಾಳವಾಗಿ ಸಿಗುತ್ತದೆ. ಇಲ್ಲಿ ನಾವು ಗುಂಡು ತಯಾರಿಸುವುದಿಲ್ಲ, ತಯಾರಾಗಿ ಬಂದ ಗುಂಡುಗಳಲ್ಲಿ, ಅಂದರೆ ಪೆಲೆಟ್‌ಗಳಲ್ಲಿ, ನಮ್ಮ ಬ್ಯಾರೆಲ್ಲಿಗೆ ಒಗ್ಗುವುದು ಯಾವುದೆಂದು ಪರೀಕ್ಷಿಸಿ ಕಂಡುಕೊಳ್ಳುತ್ತೇವೆ.

ಎಷ್ಟು ಸೂಕ್ಷ್ಮಕ್ಕೆ ಇಳಿಯಬೇಕೆಂಬುದನ್ನು ಮೊದಲು ಲೆಕ್ಕ ಹಾಕಿಕೊಳ್ಳುವುದು ಒಳ್ಳೆಯದು. 10 ಮೀಟರ್ ಏರ್ ರೈಫಲ್ ಗುರಿಹಲಗೆಯ ನಡುವಿನ ಹತ್ತರ ಚುಕ್ಕೆಯ ವ್ಯಾಸ ಅರ್ಧ ಮಿಲಿಮೀಟರ್ ಮಾತ್ರ. ದಶಮಾಂಶ ಅಂಕ ಕೊಡುವ ಎಲೆಕ್ಟ್ರಾನಿಕ್ ಗುರಿಯಲ್ಲಿ ಪೆಲೆಟ್ಟಿನ ಕೇಂದ್ರ 0.25 ಮಿ.ಮೀ. ದೂರ ಸರಿದಂತೆಲ್ಲ ಗರಿಷ್ಠ 10.9ರಿಂದ 0.1 ಅಂಕ ಕಳೆಯುತ್ತದೆ. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಅಭಿನವ್ ಬಿಂದ್ರಾ ಕೊನೆಯ ಗುಂಡಿಗೆ 10.8 ಪಡೆದರೆಂದರೆ, ಅವರ ಪೆಲೆಟ್ಟಿನ ಕೇಂದ್ರ ಗುರಿಯ ನಡುಬಿಂದುವಿನಿಂದ ಅರ್ಧ ಮಿಲಿಮೀಟರಿನೊಳಗೇ ಬಿದ್ದಿತ್ತು ಎಂದರ್ಥ. ಒಗ್ಗದ ಪೆಲೆಟ್ ತಾನಾಗಿಯೇ ಅಷ್ಟು ದೂರ ಚದುರಿದರೆ ಶೂಟರ್ ಎಷ್ಟು ಚೆನ್ನಾಗಿ ಉಸಿರು ಹಿಡಿದರೂ ಪ್ರಯೋಜನವಿಲ್ಲ.

ಸ್ಪರ್ಧೆಯ ಪೆಲೆಟ್ ಸೀಸದ್ದು. ಮೂತಿ ಚಪ್ಪಟೆ, ನಡು ಸಣ್ಣ, ಹಿಂಭಾಗ ಟೊಳ್ಳಾಗಿ ಅಂಚು ತೆಳುವಾಗಿರುತ್ತದೆ. ಆ ಅಂಚನ್ನು ರೇಂಜಿನಲ್ಲಿ ಸ್ಕರ್ಟ್ ಎನ್ನುತ್ತಾರೆ. ರೈಫಲ್ಲಿಗೆ ಸಾಮಾನ್ಯವಾಗಿ 0.53 ಗ್ರಾಂ ತೂಕದ್ದನ್ನು ಬಳಸುತ್ತಾರೆ, ಅದಕ್ಕಿಂತ ಹಗುರವಾದದ್ದು ಪಿಸ್ತೂಲಿಗೆ. ಕೊಳ್ಳುವಾಗ ನೋಡಬೇಕಾದ ಸಂಗತಿಗಳು ಎರಡು: ಒಂದು, 4.49, 4.50 ಎಂದು ಡಬ್ಬಿಯ ಮೇಲೆ ನಮೂದಾಗಿರುವ ಮೂತಿಯ ಅಳತೆ. ಇನ್ನೊಂದು, ಲಾಟ್ ಸಂಖ್ಯೆ, ಅಂದರೆ ಕಾರ್ಖಾನೆಯಲ್ಲಿ ಒಟ್ಟಿಗೆ ತಯಾರಾದ ಕಂತಿನ ಗುರುತು. ಹೆಸರು ಒಂದೇ, ಅಳತೆಯೂ ಒಂದೇ ಆದರೂ ಬೇರೆ ಲಾಟಿನ ಎರಡು ಡಬ್ಬಿಗಳು ಒಂದೇ ಬ್ಯಾರೆಲ್ಲಿನಲ್ಲಿ ಬೇರೆ ಬೇರೆಯಾಗಿ ವರ್ತಿಸುವುದುಂಟು. ಆದ್ದರಿಂದ ಮೂರು ನಾಲ್ಕು ಲಾಟುಗಳಿಂದ ತಲಾ ಒಂದು ಡಬ್ಬಿ ತಂದು ಪರೀಕ್ಷೆ ಆರಂಭಿಸಬೇಕು. ಪಕ್ಕದ ಲೇನಿನವರ ರೈಫಲ್ಲಿನಲ್ಲಿ ಬೆಸುಗೆ ಹಾಕಿದಂತೆ ಒಂದೇ ತೂತಿಗೆ ಬೀಳುವ ಪೆಲೆಟ್ ನಿಮ್ಮದರಲ್ಲಿಯೂ ಹಾಗೇ ಬೀಳುತ್ತದೆಂದು ನಂಬಬಾರದು.

ಪರೀಕ್ಷೆಯಲ್ಲಿ ಶೂಟರನ ಕೈನಡುಕ ಸೇರಬಾರದು. ರೈಫಲ್ಲನ್ನು ಬಿಗಿಯಾಗಿ ಹಿಡಿಯುವ ಪರೀಕ್ಷಾ ವೈಸ್ ಸಿಕ್ಕಿದರೆ ಅತ್ಯುತ್ತಮ. ಇಲ್ಲವಾದರೆ ಗಟ್ಟಿ ಮೇಜಿನ ಮೇಲೆ ಮರಳು ಚೀಲಗಳನ್ನು ಜೋಡಿಸಿ, ಅವುಗಳ ಮೇಲೆ ರೈಫಲ್ ಇಟ್ಟು ಕುಳಿತು ಹೊಡೆಯಬಹುದು. ಫ್ಯಾನ್ ನಿಲ್ಲಿಸಬೇಕು. ಕಣ್ಣಿಗೆ ಸುರಕ್ಷಾ ಕನ್ನಡಕವಿರಬೇಕು. ಗುರಿಯ ಬಳಿಗೆ ಯಾರಾದರೂ ಹೋಗುವ ಮೊದಲು ರೈಫಲ್ ಖಾಲಿಯಾಗಿ, ಬೋಲ್ಟ್ ತೆರೆದುಕೊಂಡೇ ಇರಬೇಕು. ಲಾಟ್ ಬದಲಿಸಿದಾಗಲೆಲ್ಲ ಮೊದಲ ಹತ್ತು ಗುಂಡುಗಳನ್ನು ಲೆಕ್ಕಕ್ಕೆ ಹಿಡಿಯದೆ ಹೊಡೆದುಬಿಡಬೇಕು, ಏಕೆಂದರೆ ಹಿಂದಿನ ಪೆಲೆಟ್ ಬಿಟ್ಟುಹೋದ ಸೀಸದ ಲೇಪ ಬ್ಯಾರೆಲ್ಲಿನೊಳಗೆ ಇನ್ನೂ ಇರುತ್ತದೆ.

ಇನ್ನು ಗುಂಡುಗಳ ಎಣಿಕೆ. ನಾನು ಮೊದಲ ಬಾರಿ ಪರೀಕ್ಷೆ ಮಾಡಿದಾಗ ಒಂದು ಡಬ್ಬಿಯಿಂದ ಐದೇ ಐದು ಗುಂಡು ಹೊಡೆದೆ. ಐದೂ ಒಂದೇ ತೂತಿನಲ್ಲಿ ಹಾದುಹೋಗಿದ್ದವು. ಕಾಗದದ ಅಂಚು ಸ್ವಲ್ಪವೂ ಹರಿದಿರಲಿಲ್ಲ. ಆ ಕಾಗದವನ್ನು ಪರ್ಸಿನಲ್ಲಿ ಮಡಚಿಟ್ಟುಕೊಂಡು, ಅದೇ ಲಾಟಿನ ಹತ್ತು ಡಬ್ಬಿಗಳನ್ನು ಒಮ್ಮೆಗೇ ಕೊಂಡುಬಿಟ್ಟೆ. ಮುಂದಿನ ಭಾನುವಾರ ಅದೇ ರೈಫಲ್, ಅದೇ ಮೇಜು, ಅದೇ ಚೀಲಗಳು. ಗುಂಪು, ಅಂದರೆ ಗುಂಡುಗಳು ಬಿದ್ದ ಜಾಗದ ಹರವು, ಮಾತ್ರ ಎರಡರಷ್ಟು ಅಗಲವಾಗಿತ್ತು. ತಪ್ಪು ಪೆಲೆಟ್ಟಿನದಲ್ಲ, ಐದು ಗುಂಡುಗಳನ್ನು ನಂಬಿದ ನನ್ನದು. ಅದೃಷ್ಟದಿಂದ ಒಂದೆಡೆ ಬಿದ್ದ ಐದು ಗುಂಡಿಗೂ ಗುಣದಿಂದ ಬಿದ್ದ ಐದು ಗುಂಡಿಗೂ ಕಾಗದದ ಮೇಲೆ ವ್ಯತ್ಯಾಸ ಕಾಣುವುದಿಲ್ಲ.

ಆದ್ದರಿಂದ ಪ್ರತಿ ಲಾಟಿಗೂ ಹತ್ತು ಗುಂಡುಗಳ ಗುಂಪುಗಳನ್ನು ಐದು ಬಾರಿ ಹೊಡೆಯಬೇಕು. ಪ್ರತಿ ಗುಂಪಿಗೂ ಹೊಸ ಕಾಗದ ಬೇಕು. ಒಂದು ಲಾಟನ್ನು ಪೂರ್ತಿ ಮುಗಿಸಿ ಇನ್ನೊಂದಕ್ಕೆ ಹೋಗುವ ಬದಲು ಅ, ಆ, ಇ ಎಂದು ಸಾಗಿ ಮತ್ತೆ ಇ, ಆ, ಅ ಎಂದು ಹಿಂದಿರುಗುವ ಕ್ರಮ ಒಳ್ಳೆಯದು. ಬೆಳಗಿನ ತಂಪು, ಮಧ್ಯಾಹ್ನದ ಶೆಕೆ, ನಿಮ್ಮ ದಣಿವು ಇವೆಲ್ಲ ಎಲ್ಲ ಲಾಟುಗಳಿಗೂ ಹೆಚ್ಚುಕಡಿಮೆ ಸಮವಾಗಿ ಹಂಚಿಹೋಗುತ್ತವೆ. ಆನಂತರ ವರ್ನಿಯರ್ ಕ್ಯಾಲಿಪರ್‌ನಿಂದ ಗುಂಪಿನ ಹೊರ ಅಂಚಿನಿಂದ ಹೊರ ಅಂಚಿನವರೆಗೆ ಅಳೆದು, ಪೆಲೆಟ್ಟಿನ ವ್ಯಾಸವಾದ 4.5 ಮಿ.ಮೀ. ಕಳೆಯಬೇಕು. ಅಳತೆ 6.1 ಬಂದರೆ ಕೇಂದ್ರದಿಂದ ಕೇಂದ್ರಕ್ಕೆ ಅಂತರ 1.6 ಮಿ.ಮೀ. ಎಂದಾಯಿತು. ಐದರಲ್ಲಿ ಅತ್ಯುತ್ತಮವಾದ ಗುಂಪನ್ನು ನೆಚ್ಚದೆ ಐದರ ಸರಾಸರಿಯನ್ನು ಬರೆದಿಡಬೇಕು. ಎರಡು ಲಾಟುಗಳ ಸರಾಸರಿಗಳ ನಡುವಣ ಅಂತರವು ಒಂದೇ ಲಾಟಿನ ಗುಂಪುಗಳ ನಡುವಣ ಏರುಪೇರಿಗಿಂತ ತೀರ ಕಡಿಮೆಯಿದ್ದರೆ, ಎರಡೂ ಒಂದೇ ಎಂದು ತಿಳಿದು, ಬೆಲೆ ಕಡಿಮೆಯಿರುವುದನ್ನು ಕೊಳ್ಳುವುದೇ ಜಾಣತನ.

ಪೆಲೆಟ್‌ಗಳನ್ನು ಒಂದೊಂದಾಗಿ ತೂಗುವ ಪದ್ಧತಿಯ ಬಗ್ಗೆ ನನಗೆ ಅಷ್ಟು ಉತ್ಸಾಹವಿಲ್ಲ. ಪೆಲೆಟ್ ಸೆಕೆಂಡಿಗೆ ಸುಮಾರು 170 ಮೀಟರ್ ವೇಗದಲ್ಲಿ ಹೊರಟರೆ 10 ಮೀಟರ್ ದೂರ ಕ್ರಮಿಸುವಷ್ಟರಲ್ಲಿ 17 ಮಿ.ಮೀ.ನಷ್ಟು ಕೆಳಗಿಳಿಯುತ್ತದೆ. ತೂಕದಲ್ಲಿ ಶೇ. 1, ಅಂದರೆ ಸುಮಾರು 5 ಮಿಲಿಗ್ರಾಂ ವ್ಯತ್ಯಾಸವಾದರೆ ವೇಗ ಸರಿಸುಮಾರು ಶೇ. 0.5ರಷ್ಟು ಬದಲಾಗಿ, ಗುರಿಯಲ್ಲಿ 0.17 ಮಿ.ಮೀ.ನಷ್ಟು ಏರುಪೇರಾಗುತ್ತದೆ, ಅದು 0.1 ಅಂಕಕ್ಕೂ ಕಡಿಮೆ. ಬಂಗಾರದಂಗಡಿಯವರು ಬಳಸುವಂಥ ಮಿಲಿಗ್ರಾಂ ತಕ್ಕಡಿ ಮನೆಯಲ್ಲಿದ್ದರೆ ತೀರ ಬೇರೆಯಾಗಿರುವುದನ್ನು ತೆಗೆದುಹಾಕಿ, ಅಷ್ಟು ಸಾಕು. ಅದಕ್ಕಿಂತ ಕಣ್ಣಿನ ಕೆಲಸ ಮುಖ್ಯ. ನಮ್ಮ ಅಜ್ಜಿಯರು ಮೊರದಲ್ಲಿ ಅಕ್ಕಿ ಹರಡಿಕೊಂಡು ಕಲ್ಲು ಆರಿಸುತ್ತಿದ್ದಂತೆ, ಬಿಳಿ ಬಟ್ಟೆಯ ಮೇಲೆ ಪೆಲೆಟ್ ಹರಡಿ ಸ್ಕರ್ಟ್ ನೆಗ್ಗಿದವು, ಮೂತಿಯ ಅಂಚು ಮುಕ್ಕಾದವು, ಒಳಗೆ ಸೀಸದ ಚೂರು ಸಿಕ್ಕಿಕೊಂಡವು ಇವನ್ನು ಬೇರೆ ಮಾಡಬೇಕು. ಅವುಗಳನ್ನು ಎಸೆಯಬೇಕಿಲ್ಲ, ಲಾಟ್ ಬದಲಿಸುವಾಗ ಹೊಡೆಯುವ ಆ ಮೊದಲ ಹತ್ತು ಗುಂಡಿಗೆ ಆಗುತ್ತವೆ. ಆರಿಸುವ ಕೆಲಸ ಅಡುಗೆಮನೆಯಲ್ಲಿ ಬೇಡ, ಮಕ್ಕಳ ಕೈಗೆ ಸಿಗುವಲ್ಲಂತೂ ಬೇಡವೇ ಬೇಡ, ಸೀಸ ವಿಷ. ಮುಗಿದ ಮೇಲೆ ಸೋಪು ಹಚ್ಚಿ ಕೈ ತೊಳೆದುಕೊಂಡೇ ಕಾಫಿ ಲೋಟ ಮುಟ್ಟಬೇಕು.

ಲಾಟ್ ನಿಶ್ಚಯವಾದೊಡನೆ ಅದೇ ಸಂಖ್ಯೆಯ ಡಬ್ಬಿಗಳನ್ನು ಅಂಗಡಿಯಲ್ಲಿ ತೀರುವ ಮುನ್ನವೇ ತೆಗೆದಿಡಬೇಕು. ದಿನಕ್ಕೆ 100 ಗುಂಡಿನಂತೆ ವಾರಕ್ಕೆ ಐದು ದಿನ ಅಭ್ಯಾಸ ಮಾಡುವವರಿಗೆ 500ರ ಡಬ್ಬಿ ಒಂದು ವಾರಕ್ಕೆ ಮುಗಿಯುತ್ತದೆ. ಆರು ತಿಂಗಳಿಗೆ ಸುಮಾರು 26 ಡಬ್ಬಿ. ಖರ್ಚು ಹೆಚ್ಚೆನಿಸಿದರೆ ಅಭ್ಯಾಸಕ್ಕೆ ಸಾಧಾರಣ ಪೆಲೆಟ್ ಬಳಸಿ, ಆರಿಸಿದ್ದನ್ನು ಸ್ಪರ್ಧೆಗೆಂದು ಮೀಸಲಿಡಬಹುದು. ಮಳೆಗಾಲದಲ್ಲಿ ತೇವ ತಗಲಿದರೆ ಸೀಸದ ಮೇಲೆ ಬಿಳಿಯ ಪುಡಿ ಕೂರುತ್ತದೆ. ಆದ್ದರಿಂದ ಡಬ್ಬಿಗಳನ್ನು ಗಾಳಿಯಾಡದ ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳೊಂದಿಗೆ ಮುಚ್ಚಿಟ್ಟು, ಮುಚ್ಚಳದ ಮೇಲೆ ಲಾಟ್ ಸಂಖ್ಯೆಯನ್ನೂ ಪರೀಕ್ಷಿಸಿದ ದಿನಾಂಕವನ್ನೂ ಬರೆದು ಅಂಟಿಸಬೇಕು.