ಹೊಸ ಆಹಾರ ಹಾಕಿದ ಮೇಲೆ ಅಕ್ವೇರಿಯಂ ನೀರು ಬೆಳ್ಳಗಾದರೆ ಏನು ಮಾಡಬೇಕು

ಮೀನುಗಳಿಗೆ ಹೊಸ ಆಹಾರ ಹಾಕಲು ಆರಂಭಿಸಿದ ಎರಡನೆಯ ಅಥವಾ ಮೂರನೆಯ ದಿನ ಬೆಳಿಗ್ಗೆ ಎದ್ದು ದೀಪ ಹಾಕಿದರೆ ತೊಟ್ಟಿಯ ನೀರು ಅಕ್ಕಿ ತೊಳೆದ ನೀರಿನಂತೆ ಬೆಳ್ಳಗಾಗಿರುತ್ತದೆ. ಹಿಂದಿನ ರಾತ್ರಿ ಸ್ಪಷ್ಟವಾಗಿ ಕಾಣುತ್ತಿದ್ದ ಗಿಡಗಳು ಮಂಜು ಮುಸುಕಿದ ತೋಟದ ಸಿಲ್ವರ್ ಮರಗಳಂತೆ ಮಸುಕಾಗಿರುತ್ತವೆ. ಆಗ ಯಾರಿಗಾದರೂ ಮೊದಲು ತೋಚುವುದು ನೀರನ್ನೆಲ್ಲ ಚೆಲ್ಲಿ, ಕಲ್ಲುಗಳನ್ನು ತಿಕ್ಕಿ ತೊಳೆದು, ಹೊಸ ನೀರು ತುಂಬುವುದು. ದಯವಿಟ್ಟು ಹಾಗೆ ಮಾಡಬೇಡಿ. ನೀರು ಬೆಳ್ಳಗಾದದ್ದರಿಂದ ಸಾಯುವ ಮೀನುಗಳಿಗಿಂತ ಅದನ್ನು ತಿಳಿಗೊಳಿಸುವ ಆತುರದಿಂದ ಸಾಯುವ ಮೀನುಗಳೇ ಹೆಚ್ಚು ಎಂದು ನಾನು ನಂಬಿದ್ದೇನೆ.

ಈ ನಂಬಿಕೆ ಬಂದದ್ದು ಸ್ವಂತ ತಪ್ಪಿನಿಂದ. ಕೆಲವು ವರ್ಷಗಳ ಹಿಂದೆ, ಚಿಕ್ಕಮಗಳೂರಿನಲ್ಲಿ ಆಷಾಢದ ಮಳೆ ಬಿಡದೆ ಸುರಿಯುತ್ತಿದ್ದಾಗ, ನಮ್ಮ ಎರಡು ಅಡಿ ತೊಟ್ಟಿಯ ಗಪ್ಪಿ ಮತ್ತು ಟೆಟ್ರಾಗಳಿಗೆ ಅದುವರೆಗೆ ಹಾಕುತ್ತಿದ್ದ ಫ್ಲೇಕ್ಸ್, ಅಂದರೆ ತೆಳು ಚಕ್ಕೆಗಳ ಆಹಾರ, ಮುಗಿದಿತ್ತು. ಅಂಗಡಿಯಲ್ಲಿ ಅದು ಇಲ್ಲದ ಕಾರಣ ಸಣ್ಣ ಕಾಳಿನ ಪೆಲೆಟ್ ತಂದು, ಹಳೆಯ ಚಮಚದ ಅಳತೆಯಲ್ಲೇ ಹಾಕತೊಡಗಿದೆ. ಮೂರನೆಯ ದಿನ ನೀರು ಹಾಲಿನಂತಾಯಿತು. ನಾನು ಮೀನುಗಳನ್ನು ಬಕೆಟ್ಟಿಗೆ ಹಾಕಿ, ಕಲ್ಲುಗಳನ್ನೂ ಫಿಲ್ಟರಿನ ಸ್ಪಂಜನ್ನೂ ನಲ್ಲಿಯ ಕೆಳಗೆ ಹಿಡಿದು ಕೆಸರು ಹೋಗುವವರೆಗೆ ತೊಳೆದೆ. ಸಂಜೆಗೆ ತೊಟ್ಟಿ ಗಾಜಿನಂತೆ ತಿಳಿಯಾಗಿತ್ತು. ಎರಡು ದಿನ ಕಳೆಯುವುದರಲ್ಲಿ ಮತ್ತೆ ಬೆಳ್ಳಗಾಯಿತು, ಮತ್ತು ಆ ವಾರದಲ್ಲಿ ಐದು ಮೀನುಗಳು ಹೋದವು.

ನಾನು ತೊಳೆದು ಹಾಕಿದ್ದು ಕೊಳೆಯನ್ನಲ್ಲ, ತೊಟ್ಟಿಯನ್ನು ಕಾಯುತ್ತಿದ್ದ ಬ್ಯಾಕ್ಟೀರಿಯಾಗಳನ್ನು. ಅಕ್ವೇರಿಯಂನಲ್ಲಿ ಮುಖ್ಯವಾಗಿ ಎರಡು ಬಗೆಯ ಬ್ಯಾಕ್ಟೀರಿಯಾಗಳಿವೆ. ಒಂದು ಬಗೆಯವು ಉಳಿದ ಆಹಾರ, ಮೀನಿನ ಹಿಕ್ಕೆ, ಕೊಳೆತ ಎಲೆ ಮುಂತಾದವನ್ನು ತಿಂದು ಬದುಕುತ್ತವೆ; ನೀರಿನಲ್ಲಿ ಹಿಟ್ಟು ಮತ್ತು ಪ್ರೋಟೀನ್ ಕರಗಿದ ಕೂಡಲೇ ಇವು ಅರ್ಧ ಗಂಟೆ, ಒಂದು ಗಂಟೆಗೊಮ್ಮೆ ಇಮ್ಮಡಿಯಾಗುತ್ತಾ ನೀರಿನಲ್ಲೇ ತೇಲತೊಡಗುತ್ತವೆ. ನಮ್ಮ ಕಣ್ಣಿಗೆ ಬೀಳುವ ಬಿಳುಪು ಹೀಗೆ ತೇಲುವ ಕೋಟ್ಯಂತರ ಜೀವಿಗಳದ್ದೇ. ಇನ್ನೊಂದು ಬಗೆಯವು ಕಲ್ಲಿನ ಮೇಲೆ, ಸ್ಪಂಜಿನ ರಂಧ್ರಗಳಲ್ಲಿ ಅಂಟಿಕೊಂಡು, ಮೀನುಗಳು ಹೊರಹಾಕುವ ವಿಷಕರ ಅಮೋನಿಯಾವನ್ನು ನೈಟ್ರೈಟ್ ಆಗಿಯೂ ನೈಟ್ರೈಟನ್ನು ಅಷ್ಟೇನೂ ಅಪಾಯವಿಲ್ಲದ ನೈಟ್ರೇಟ್ ಆಗಿಯೂ ಬದಲಿಸುತ್ತವೆ. ಇವು ಇಮ್ಮಡಿಯಾಗಲು ಹೆಚ್ಚುಕಡಿಮೆ ಒಂದು ದಿನವೇ ಬೇಕು, ನೀರು ತಂಪಾಗಿದ್ದರೆ ಇನ್ನೂ ಹೆಚ್ಚು. ಕ್ಲೋರಿನ್ ಇರುವ ನಲ್ಲಿ ನೀರಿನಲ್ಲಿ ಸ್ಪಂಜನ್ನು ಹಿಂಡಿದಾಗ ಸಾಯುವುದು ಈ ನಿಧಾನದ ಬಗೆ. ಮೊದಲನೆಯ ಬಗೆಯವು ಎಲ್ಲಿಂದಲಾದರೂ ಬಂದು ಮರುದಿನವೇ ಮತ್ತೆ ತುಂಬಿಕೊಳ್ಳುತ್ತವೆ.

ಏನನ್ನಾದರೂ ಮಾಡುವ ಮೊದಲು ಬಂದಿರುವ ಮಬ್ಬು ಯಾವ ಬಗೆಯದು ಎಂದು ನೋಡಿಕೊಳ್ಳಬೇಕು. ಆಹಾರ ಹಾಕಿದ ಕೆಲವೇ ನಿಮಿಷಗಳಲ್ಲಿ ಕಾಣಿಸಿಕೊಂಡು, ಒಂದೆರಡು ಗಂಟೆಗಳಲ್ಲಿ ತಳ ಸೇರುವ ಮಬ್ಬು ಪೊಟ್ಟಣದ ತಳದಲ್ಲಿದ್ದ ಪುಡಿಯದ್ದು. ಟೀ ಸೋಸುವ ಜಾಲರಿಯಲ್ಲಿ ಆಹಾರವನ್ನು ಒಮ್ಮೆ ಜರಡಿ ಹಿಡಿದರೆ ಅದು ನಿಲ್ಲುತ್ತದೆ. ಹಸಿರು ನೀರು ಪಾಚಿಯದ್ದು, ಅದಕ್ಕೆ ಬೆಳಕೂ ಗೊಬ್ಬರವೂ ಕಾರಣ. ಚಹಾ ಬಣ್ಣದ ನೀರು ಮರದ ತುಂಡಿನಿಂದ ಬಿಡುವ ಒಗರಿನದ್ದು, ಅದರಿಂದ ಕೇಡಿಲ್ಲ. ರಾತ್ರೋರಾತ್ರಿ ಬಂದು, ಹಗಲೆಲ್ಲ ತಳ ಸೇರದೆ, ಹಾಲಿನಂತೆಯೋ ಗಂಜಿಯ ತಿಳಿಯಂತೆಯೋ ನಿಂತಿರುವ ಮಬ್ಬು ಮಾತ್ರ ಬ್ಯಾಕ್ಟೀರಿಯಾದ್ದು, ಮತ್ತು ಈ ಬರಹ ಅದರ ಬಗ್ಗೆ.

ಹೊಸ ಆಹಾರದ್ದೇ ತಪ್ಪೋ ಅಲ್ಲವೋ ಎಂಬುದನ್ನು ಊಹಿಸುತ್ತಾ ಕೂರಬೇಕಾಗಿಲ್ಲ, ಮನೆಯಲ್ಲೇ ಪರೀಕ್ಷಿಸಬಹುದು. ಎರಡು ಗಾಜಿನ ಲೋಟಗಳಲ್ಲಿ ತಿಳಿ ನೀರು ತುಂಬಿ, ಹಿಂದೆ ಕಪ್ಪು ಕಾಗದ ನಿಲ್ಲಿಸಿ, ಒಂದಕ್ಕೆ ಹಳೆಯ ಆಹಾರವನ್ನೂ ಇನ್ನೊಂದಕ್ಕೆ ಹೊಸದನ್ನೂ ಒಂದೊಂದು ಚಿಟಿಕೆ ಹಾಕಿ ಕಲಕದೆ ಬಿಡಿ. ಆ ಮಳೆಗಾಲದ ತಪ್ಪಿನ ನಂತರ ನಾನು ಇದನ್ನು ಅಡುಗೆಮನೆಯ ಕಿಟಕಿಯ ಬಳಿ ಮಾಡಿ ನೋಡಿದೆ. ಡಬ್ಬಿಯ ತಳದಲ್ಲಿ ಅಂಟಿ ಉಳಿದಿದ್ದ ಹಳೆಯ ಫ್ಲೇಕ್ಸ್ ಚೂರುಗಳು ಹತ್ತು ನಿಮಿಷವಾದರೂ ಮೇಲೆ ತೇಲುತ್ತಿದ್ದವು, ನೀರು ತಿಳಿಯಾಗಿಯೇ ಇತ್ತು. ಪೆಲೆಟ್ಟಿನ ಲೋಟದಲ್ಲಿ ನಾಲ್ಕೈದು ನಿಮಿಷಕ್ಕೆ ಪ್ರತಿ ಕಾಳಿನಿಂದಲೂ ಒಂದೊಂದು ಬಿಳಿ ಎಳೆ ಹೊರಟು ಮೆಲ್ಲಗೆ ತಳಕ್ಕೆ ಇಳಿಯಿತು. ಹತ್ತು ನಿಮಿಷಕ್ಕೆ ಕಾಳುಗಳ ಸುತ್ತ ಮೋಡ ಕಟ್ಟಿತು. ಮೇಲ್ಮೈಯಲ್ಲಿ ಬಣ್ಣಬಣ್ಣದ ಎಣ್ಣೆಯ ಪದರ ಹರಡಿತು. ಒಂದು ಗಂಟೆಯ ನಂತರ ಒಂದು ಕಾಳನ್ನು ಬೆರಳಲ್ಲಿ ಒತ್ತಿದರೆ ಅದು ರಾಗಿ ಅಂಬಲಿಯಷ್ಟು ಮೆತ್ತಗಾಗಿ ಜಾರಿಹೋಯಿತು. ಅಂದರೆ ಮೀನು ಬಾಯಿಗೆ ಹಾಕಿಕೊಳ್ಳುವ ಮೊದಲೇ ಆ ಕಾಳಿನ ಗೋಧಿ ಹಿಟ್ಟು ಮತ್ತು ಎಣ್ಣೆ ನೀರಿಗೆ ಸೇರುತ್ತಿತ್ತು. ಒಳ್ಳೆಯ ಪೆಲೆಟ್ ಒಂದು ಗಂಟೆಯಾದರೂ ಉಬ್ಬಿ ತನ್ನ ಆಕಾರದಲ್ಲೇ ಇರುತ್ತದೆ. ಲೋಟ ಎರಡೂ ತಿಳಿಯಾಗಿ ಉಳಿದರೆ ದೋಷ ಆಹಾರದ ಗುಣದಲ್ಲಿಲ್ಲ, ನಿಮ್ಮ ಅಳತೆಯಲ್ಲಿದೆ. ಪೆಲೆಟ್ ಫ್ಲೇಕ್ಸ್‌ಗಿಂತ ಎಷ್ಟೋ ಪಾಲು ದಟ್ಟವಾಗಿರುವುದರಿಂದ ಅದೇ ಚಮಚದ ತುಂಬ ಹಾಕಿದರೆ ತೂಕದಲ್ಲಿ ಹಲವು ಪಟ್ಟು ಹೆಚ್ಚು ಹಾಕಿದಂತೆಯೇ.

ಈಗ ಮೊದಲ ದಿನದ ಕೆಲಸ. ಆಹಾರವನ್ನು ಪೂರ್ತಿ ನಿಲ್ಲಿಸಿ. ಆರೋಗ್ಯವಾಗಿರುವ ಬೆಳೆದ ಮೀನುಗಳಿಗೆ ಎರಡು ದಿನದ ಉಪವಾಸದಿಂದ ಏನೂ ಆಗುವುದಿಲ್ಲ. ಮರಿಗಳಿದ್ದರೆ ಮಾತ್ರ ಅವುಗಳಿಗೆ ಬೇರೆ ಪಾತ್ರೆಯಲ್ಲಿ ಚೂರು ಆಹಾರ ಕೊಡಬೇಕು. ಸಣ್ಣ ರಬ್ಬರ್ ಪೈಪಿನಿಂದ ತಳದಲ್ಲಿ ಉಳಿದ ಆಹಾರವನ್ನು, ವಿಶೇಷವಾಗಿ ಕಲ್ಲಿನ ಸಂದಿ ಮತ್ತು ಮೂಲೆಗಳಲ್ಲಿ ಬಿಳಿ ಬೂಸ್ಟು ಹಿಡಿದದ್ದನ್ನು, ಎಳೆದು ತೆಗೆಯಿರಿ. ಮೇಲೆ ಎಣ್ಣೆಯ ಪದರವಿದ್ದರೆ ಬಿಳಿಯ ಟಿಶ್ಯೂ ಕಾಗದವನ್ನು ನೀರಿನ ಮೇಲೆ ಒಮ್ಮೆ ಹಾಸಿ ಎತ್ತಿದರೆ ಅದು ಕಾಗದಕ್ಕೆ ಅಂಟಿ ಬರುತ್ತದೆ.

ಇದಕ್ಕಿಂತ ಮುಖ್ಯವಾದದ್ದು ಗಾಳಿ. ಬಿಳಿಯ ಬ್ಯಾಕ್ಟೀರಿಯಾಗಳು ಉಸಿರಾಡುವುದು ಮೀನುಗಳಿಗೆ ಬೇಕಾದ ಆಮ್ಲಜನಕವನ್ನೇ, ಮತ್ತು ರಾತ್ರಿ ಗಿಡಗಳೂ ಅದನ್ನೇ ಬಳಸುತ್ತವೆ. ಚಿಕ್ಕಮಗಳೂರು ಸಮುದ್ರಮಟ್ಟದಿಂದ ಸುಮಾರು 1,090 ಮೀಟರ್ ಎತ್ತರದಲ್ಲಿದೆ; ಇಲ್ಲಿ ವಾಯುವಿನ ಒತ್ತಡ ಕಡಿಮೆಯಾಗಿರುವುದರಿಂದ, ಒಂದೇ ಉಷ್ಣತೆಯ ನೀರಿನಲ್ಲಿ ಮಂಗಳೂರಿನಲ್ಲಿ ಕರಗುವಷ್ಟು ಆಮ್ಲಜನಕಕ್ಕಿಂತ ನಮ್ಮಲ್ಲಿ ಶೇಕಡಾ 12ರಷ್ಟು ಕಡಿಮೆ ಕರಗುತ್ತದೆ. ಸಾಮಾನ್ಯ ದಿನಗಳಲ್ಲಿ ಇದು ಲೆಕ್ಕಕ್ಕೆ ಬರುವುದಿಲ್ಲ, ಆದರೆ ನೀರು ಬೆಳ್ಳಗಾದ ರಾತ್ರಿ ಬರುತ್ತದೆ. ಆದ್ದರಿಂದ ಪಂಪಿನ ಗಾಳಿಯನ್ನು ಗುಳ್ಳೆಗಳಾಗಿ ಬಿಡುವ ಗಾಳಿಕಲ್ಲನ್ನು ರಾತ್ರಿಯಿಡೀ ಓಡಿಸಿ, ಫಿಲ್ಟರಿನ ಬಾಯಿ ನೀರಿನ ಮೇಲ್ಮೈಯನ್ನು ಕಲಕುವಂತೆ ತಿರುಗಿಸಿ. ಮಳೆಗಾಲದಲ್ಲಿ ಮರ ಬಿದ್ದು ಗಂಟೆಗಟ್ಟಲೆ ಕರೆಂಟ್ ಹೋಗುವುದು ಮಲೆನಾಡಿನಲ್ಲಿ ಹೊಸತಲ್ಲ. ಸೆಲ್ ಹಾಕಿ ನಡೆಸುವ ಸಣ್ಣ ಏರ್ ಪಂಪ್ ಒಂದನ್ನು ಮನೆಯಲ್ಲಿ ಇಟ್ಟುಕೊಳ್ಳಲೇಬೇಕು ಎಂದು ನಾನು ಒತ್ತಿ ಹೇಳುತ್ತೇನೆ. ಅದೂ ಇಲ್ಲದಿದ್ದರೆ ಅರ್ಧ ಗಂಟೆಗೊಮ್ಮೆ ಚೊಂಬಿನಲ್ಲಿ ತೊಟ್ಟಿಯ ನೀರನ್ನೇ ತೆಗೆದು ಒಂದಡಿ ಎತ್ತರದಿಂದ ಮತ್ತೆ ಸುರಿಯಿರಿ. ಮೀನುಗಳು ಮೇಲಕ್ಕೆ ಬಂದು ಬಾಯಿ ಬಿಡುತ್ತಿದ್ದರೆ ಇದನ್ನು ತಡಮಾಡಬಾರದು.

ನೀರನ್ನು ಬದಲಿಸಬೇಕು, ಆದರೆ ಕಾಲುಭಾಗ ಮಾತ್ರ. ಎರಡು ಅಡಿ ಉದ್ದ, ಒಂದು ಅಡಿ ಅಗಲ, ಒಂದು ಅಡಿ ಎತ್ತರದ ತೊಟ್ಟಿಯಲ್ಲಿ ಸುಮಾರು 56 ಲೀಟರ್ ನೀರು ಹಿಡಿಯುತ್ತದೆ. ಕಲ್ಲು ಮತ್ತು ಮೇಲಿನ ಖಾಲಿ ಜಾಗವನ್ನು ಕಳೆದರೆ ಒಂದು ಬಕೆಟ್, ಅಂದರೆ 12 ಲೀಟರ್ ಬದಲಿಸಿದರೆ ಸಾಕು. ನಮ್ಮ ಪೇಟೆಗೆ ಬರುವ ನಲ್ಲಿ ನೀರು ಹಿರೇಕೊಳಲೆ ಕೆರೆಯದಿರಲಿ ಯಗಚಿ ಜಲಾಶಯದ್ದಿರಲಿ, ಕ್ಲೋರಿನ್ ಹಾಕಿಯೇ ಬಿಡುವುದರಿಂದ ಅಗಲ ಬಾಯಿಯ ಬಕೆಟ್ಟಿನಲ್ಲಿ ಒಂದು ದಿನ ತೆರೆದಿಡಿ, ಅಥವಾ ಅಂಗಡಿಯಲ್ಲಿ ಆಂಟಿ ಕ್ಲೋರಿನ್ ಎಂದು ಕೊಡುವ ಹನಿಯನ್ನು ಬಾಟಲಿಯ ಮೇಲಿನ ಅಳತೆಯಂತೆ ಹಾಕಿ. ಬಕೆಟ್ಟಿನ ನೀರು ತೊಟ್ಟಿಯ ನೀರಿಗಿಂತ ತಣ್ಣಗಿದ್ದರೆ ಸ್ವಲ್ಪ ಬಿಸಿನೀರು ಬೆರೆಸಿ, ಮುಂಗೈಗೆ ಎರಡೂ ಒಂದೇ ಸಮ ಅನ್ನಿಸಿದ ಮೇಲೆ ನಿಧಾನವಾಗಿ ಸುರಿಯಿರಿ. ಮರುದಿನ ನೀರು ಇನ್ನೂ ಬೆಳ್ಳಗಿದೆ ಎಂಬ ಒಂದೇ ಕಾರಣಕ್ಕೆ ಮತ್ತೆ ಬದಲಿಸಬೇಡಿ. ಒಂದು ದಿನ ಬಿಟ್ಟು ಇನ್ನೊಂದು ಕಾಲುಭಾಗ ಸಾಕು.

ಸ್ಪಂಜು ಕಟ್ಟಿಕೊಂಡು ನೀರಿನ ಓಟ ನಿಧಾನವಾಗಿದ್ದರೆ, ತೊಟ್ಟಿಯಿಂದ ತೆಗೆದ ಹಳೆಯ ನೀರಿನಲ್ಲೇ ಎರಡು ಬಾರಿ ಹಿಂಡಿ ಹಾಗೆಯೇ ಮತ್ತೆ ಹಾಕಿ. ಅದು ಕಂದಾಗಿ ಕಾಣುತ್ತಿದ್ದರೆ ಇರಲಿ.

ಬಾವಿಯ ನೀರನ್ನು ತಿಳಿಗೊಳಿಸಲು ಪಟಿಕ ಆಡಿಸುವುದು ನಮ್ಮ ಕಡೆ ಹಳೆಯ ರೂಢಿ, ಮತ್ತು ಹಿರಿಯರು ಅಕ್ವೇರಿಯಂಗೂ ಅದನ್ನೇ ಹೇಳುತ್ತಾರೆ. ಪಟಿಕ ನೀರನ್ನು ಹುಳಿಯಾಗಿಸುತ್ತದೆ. ಮಲೆನಾಡಿನ ಹೊಳೆ ಮತ್ತು ಕೆರೆಯ ಮೆದು ನೀರಿನಲ್ಲಿ ಹುಳಿಯನ್ನು ತಡೆಯುವ ಸುಣ್ಣದ ಅಂಶವೇ ಕಡಿಮೆ ಇರುವುದರಿಂದ ಪಿಎಚ್ (ನೀರಿನ ಹುಳಿಯ ಅಳತೆ; ಹುಳಿ ಹೆಚ್ಚಿದಷ್ಟೂ ಇದು ಇಳಿಯುತ್ತದೆ) ಒಮ್ಮೆಲೇ ಕುಸಿದು ಮೀನುಗಳ ಕಿವಿರು ಸುಡುತ್ತದೆ. ಅಂಗಡಿಯ ನೀಲಿ ಔಷಧಿ, ಆಂಟಿಬಯೋಟಿಕ್ ಪುಡಿ ಇವೂ ಬೇಡ. ಅವು ಬೇಕಾದ ಬ್ಯಾಕ್ಟೀರಿಯಾಗಳನ್ನೂ ಕೊಲ್ಲುತ್ತವೆ, ಮತ್ತು ಇಲ್ಲಿ ಕಾಯಿಲೆಯೇ ಇಲ್ಲ.

ಇಷ್ಟು ಮಾಡಿದರೆ ಸಾಮಾನ್ಯವಾಗಿ ಮೂರರಿಂದ ಏಳು ದಿನಗಳಲ್ಲಿ, ತಿನ್ನಲು ಏನೂ ಸಿಗದೆ, ಬಿಳುಪು ತಾನಾಗಿ ಕರಗುತ್ತದೆ. ಆ ದಿನಗಳಲ್ಲಿ ಕಣ್ಣಿಗೆ ಕಾಣುವ ಮಬ್ಬಿಗಿಂತ ಕಾಣದ ಅಮೋನಿಯಾದ ಕಡೆ ಗಮನವಿರಲಿ. ಹನಿ ಹಾಕಿ ಬಣ್ಣ ನೋಡುವ ಅಮೋನಿಯಾ ಕಿಟ್ ಇದ್ದರೆ ದಿನಕ್ಕೊಮ್ಮೆ ಪರೀಕ್ಷಿಸಿ, ಲೀಟರಿಗೆ ಅರ್ಧ ಮಿಲಿಗ್ರಾಂ ದಾಟಿದ್ದರೆ ಆ ದಿನವೇ ಕಾಲುಭಾಗ ನೀರು ಬದಲಿಸಿ. ಕಡೂರಿನ ಕಡೆ ಬೋರ್‌ವೆಲ್ಲಿನ ಗಡುಸು ನೀರು ಬಳಸುವವರು ಇನ್ನೂ ಎಚ್ಚರದಿಂದಿರಬೇಕು, ಅಂಥ ನೀರಿನ ಪಿಎಚ್ ಸಾಮಾನ್ಯವಾಗಿ ಹೆಚ್ಚು: 25 ಡಿಗ್ರಿ ಉಷ್ಣತೆಯಲ್ಲಿ ಪಿಎಚ್ 7 ಇರುವಾಗ ಒಟ್ಟು ಅಮೋನಿಯಾದಲ್ಲಿ ವಿಷಕರವಾದ ಪಾಲು ಶೇಕಡಾ ಒಂದಕ್ಕಿಂತ ಕಡಿಮೆ, ಪಿಎಚ್ 8ಕ್ಕೆ ಏರಿದರೆ ಅದು ಶೇಕಡಾ 5ರಷ್ಟಾಗುತ್ತದೆ.

ನೀರು ತಿಳಿಯಾದ ಮೇಲೆ ಹೊಸ ಆಹಾರಕ್ಕೆ ಮರಳುವುದು ಹೇಗೆ? ಲೋಟದ ಪರೀಕ್ಷೆಯಲ್ಲಿ ಸೋತ ಆಹಾರಕ್ಕೆ ಮರಳಲೇಬೇಡಿ, ದುಡ್ಡು ಕೊಟ್ಟದ್ದು ಎಂಬ ಮರುಕದಿಂದಲೂ ಬೇಡ. ಗೆದ್ದದ್ದಾದರೆ ಮೊದಲ ಮೂರು ದಿನ ಮುಕ್ಕಾಲು ಪಾಲು ಹಳೆಯದು, ಕಾಲು ಪಾಲು ಹೊಸದು. ನಂತರದ ಮೂರು ದಿನ ಅರ್ಧರ್ಧ. ಹತ್ತನೆಯ ದಿನದ ಹೊತ್ತಿಗೆ ಪೂರ್ತಿ ಹೊಸದು. ಹೀಗೆ ನಿಧಾನ ಮಾಡುವುದರಿಂದ ಮೀನಿನ ಹೊಟ್ಟೆಗೂ ಒಗ್ಗುತ್ತದೆ, ಸ್ಪಂಜಿನ ಬ್ಯಾಕ್ಟೀರಿಯಾಗಳೂ ಹೆಚ್ಚಿದ ಪ್ರೋಟೀನಿಗೆ ತಕ್ಕಂತೆ ಹೆಚ್ಚುತ್ತವೆ. ಚಮಚದ ಅಳತೆಯನ್ನು ಮರೆತುಬಿಡಿ. ಎರಡು ಬೆರಳಲ್ಲಿ ಹತ್ತು ಕಾಳು ಹಾಕಿ, ನಿಂತು ನೋಡಿ, ತಿಂದು ಮುಗಿಸಿದರೆ ಇನ್ನು ಹತ್ತು. ಎರಡು ನಿಮಿಷವಾದರೂ ಒಂದು ಕಾಳು ತಳದಲ್ಲಿ ಉಳಿದರೆ ಅಂದಿನ ಊಟ ಮುಗಿಯಿತು. ಗೋಲ್ಡ್‌ಫಿಶ್‌ಗೆ ಜಠರವೇ ಇಲ್ಲ, ಆಹಾರ ನೇರವಾಗಿ ಕರುಳಿಗೆ ಹೋಗುತ್ತದೆ. ಅದು ಎಷ್ಟು ಹಾಕಿದರೂ ಬೇಡುತ್ತಲೇ ಇರುತ್ತದೆ, ಆದ್ದರಿಂದ ಅದರ ಹಸಿವನ್ನು ಅಳತೆಯಾಗಿ ಹಿಡಿಯಬಾರದು. ಮನೆಯಲ್ಲಿ ಮಕ್ಕಳು, ಅಜ್ಜಿ, ನೀವು ಮೂವರೂ ಆಹಾರ ಹಾಕುವ ರೂಢಿಯಿದ್ದರೆ ಹಾಕಿದವರು ಗೋಡೆಯ ಕ್ಯಾಲೆಂಡರಿನಲ್ಲಿ ಒಂದು ಗೀಟು ಎಳೆಯುವಂತೆ ಮಾಡಿ.

ಜೂನ್‌ನಿಂದ ಆಗಸ್ಟ್‌ವರೆಗೆ ಆಹಾರ ಬದಲಿಸುವುದನ್ನು ಆದಷ್ಟು ಮುಂದೂಡಿ. ಹೀಟರ್ ಇಲ್ಲದ ನಮ್ಮ ತೊಟ್ಟಿಯ ನೀರು ಆ ತಿಂಗಳುಗಳಲ್ಲಿ 20–21 ಡಿಗ್ರಿಗೆ ಇಳಿಯುತ್ತದೆ. ಮೀನು ಕಡಿಮೆ ತಿನ್ನುತ್ತದೆ, ನಿಧಾನವಾಗಿ ಅರಗಿಸುತ್ತದೆ, ಅಮೋನಿಯಾವನ್ನು ತಿನ್ನುವ ಬ್ಯಾಕ್ಟೀರಿಯಾಗಳೂ ಮಂದವಾಗುತ್ತವೆ. ಶೇಕಡಾ 40ಕ್ಕಿಂತ ಹೆಚ್ಚು ಪ್ರೋಟೀನ್ ಇರುವ ಆಹಾರವನ್ನು ಅಂಥ ಹೊತ್ತಿನಲ್ಲಿ ಬೇಸಿಗೆಯ ಅಳತೆಯಲ್ಲೇ ಹಾಕಿದ್ದು ನನ್ನ ಅಂದಿನ ತಪ್ಪುಗಳಲ್ಲಿ ದೊಡ್ಡದು. ಇನ್ನು ಪೊಟ್ಟಣದ ವಿಷಯ: ಬಟ್ಟೆಯೇ ಒಣಗದ ಮಳೆಯಲ್ಲಿ ಮೀನಿನ ಆಹಾರವೂ ತೇವ ಹೀರಿ ಮೆತ್ತಗಾಗಿ, ನೀರಿಗೆ ಬಿದ್ದ ಕೂಡಲೇ ಒಡೆಯುತ್ತದೆ. ದೊಡ್ಡ ಪೊಟ್ಟಣವನ್ನು ತರದೆ, ಎರಡು ತಿಂಗಳಿಗೆ ಮುಗಿಯುವಷ್ಟನ್ನು ತಂದು, ಬಿಗಿ ಮುಚ್ಚಳದ ಗಾಜಿನ ಬಾಟಲಿಯಲ್ಲಿ ಒಲೆಯಿಂದಲೂ ಬಿಸಿಲಿನಿಂದಲೂ ದೂರವಿಡಿ. ಒದ್ದೆ ಬೆರಳು ಹಾಕಬೇಡಿ. ಬಾಟಲಿಯ ಮುಚ್ಚಳ ತೆಗೆದಾಗ ಹಳಸಿದ ಎಣ್ಣೆಯ ಮುಗ್ಗು ವಾಸನೆ ಬಂದರೆ, ಪೊಟ್ಟಣದ ಮೇಲಿನ ದಿನಾಂಕ ಏನೇ ಹೇಳಲಿ, ಅದನ್ನು ತೊಟ್ಟಿಗೆ ಹಾಕದೆ ಗಿಡದ ಬುಡಕ್ಕೆ ಹಾಕಿ ಮಣ್ಣು ಮುಚ್ಚಿ.