ಖರ್ಚಿನ ಪುಸ್ತಕದಲ್ಲಿ ಸಿಕ್ಕ ಜೋಡಿದಾರರ ಮನೆ

ವಂಶಾವಳಿ ಬಿಟ್ಟು ಮನೆಖರ್ಚಿನ ಲೆಕ್ಕದಿಂದ ಮನೆತನದ ಚರಿತ್ರೆ ಬರೆಯುತ್ತೇನೆ ಅಂದಾಗ ಜೊತೆಯವರು ಯಾರೂ ಒಪ್ಪಲಿಲ್ಲ. ‘ಸೊಪ್ಪು, ಎಣ್ಣೆ, ಅಗಸರ ಲೆಕ್ಕದಲ್ಲಿ ಏನ್ರೀ ಸಿಗತ್ತೆ?’ ಅಂದರು. ಮೂರು ವರ್ಷ ಹಿಡಿಯಿತು, ಒಂದು ಲಕ್ಷ ರೂಪಾಯಿಯ ಮೇಲೆ ಕೈಬಿಟ್ಟು ಹೋಯಿತು. ಈಗ ಎರಡು ಮನೆತನದ ಕೆಲಸ ಮುಗಿದಿದೆ. ಎರಡನೆಯವರು ಕೇಳಿಕೊಂಡು ಬಂದು, ಅರವತ್ತು ಸಾವಿರ ಕೊಟ್ಟು ಬರೆಸಿದರು.

ಮೊದಲನೆಯದು ಹೊಸಕೋಟೆ ಕಡೆಯ ಜೋಡಿದಾರರ ಮನೆ. ಹಳ್ಳಿ ಪೂರ್ತಿ ಇನಾಮು, ಅಂದರೆ ದೊರೆಗಳು ಬಿಟ್ಟುಕೊಟ್ಟದ್ದು; ಸರ್ಕಾರಕ್ಕೆ ಕಟ್ಟುತ್ತಿದ್ದದ್ದು ಜೋಡಿ ಅನ್ನುವ ರಿಯಾಯಿತಿ ಕಂದಾಯ ಮಾತ್ರ. 1954ರ ಇನಾಂ ರದ್ದತಿ ಕಾಯ್ದೆಯಲ್ಲಿ ಆ ಹಕ್ಕು ಹೋಯಿತು. ಉಳಿದಿದ್ದ ಗೇಣಿ ಜಮೀನಿಗೆ ದೇವರಾಜ ಅರಸರ ಕಾಲದಲ್ಲಿ, 1974ರ ತಿದ್ದುಪಡಿ ಬಂದ ಮೇಲೆ, ಗೇಣಿದಾರರು ಫಾರಂ 7 ಹಾಕಿದರು, ಅಂದರೆ ಉಳುತ್ತಿದ್ದ ಜಮೀನು ತಮಗೇ ಆಗಲಿ ಅನ್ನುವ ಅರ್ಜಿ. ಮನೆಯವರು ಹೇಳುವುದೂ ಇಷ್ಟೇ: ‘ಕಾನೂನು ಬಂತು, ಎಲ್ಲಾ ಹೋಯ್ತು.’ ಯಾವ ವರ್ಷ ಏನು ಮಾರಿದರು, ಆ ದುಡ್ಡು ಎಲ್ಲಿಗೆ ಹೋಯಿತು ಅಂತ ಕೇಳಿದರೆ ಯಾರ ಬಳಿಯೂ ಉತ್ತರವಿಲ್ಲ.

ಟ್ರಂಕಿನಲ್ಲಿ ನಲವತ್ತರ ಹತ್ತಿರ ಪುಸ್ತಕ ಇದ್ದವು. ಹಳೆಯವೆಲ್ಲ ಮೋಡಿ ಅಕ್ಷರ, ಹಿಂದೆ ಲೆಕ್ಕಪತ್ರಕ್ಕೆ ಬಳಸುತ್ತಿದ್ದ ಕೂಡು ಬರಹ. ಪುಟಕ್ಕೆ ಮೂವತ್ತು ರೂಪಾಯಿಯಂತೆ ಒಬ್ಬರಿಂದ ಓದಿಸಿದೆ. ಹನ್ನೊಂದೋ ಹನ್ನೆರಡೋ ಸಾವಿರ ಕೊಟ್ಟ ಮೇಲೆ ಗೊತ್ತಾಯಿತು, ಅವರು ಖಂಡುಗದ, ಅಂದರೆ ಧಾನ್ಯದ ಅಳತೆಯ, ಗುರುತನ್ನೆಲ್ಲ ರೂಪಾಯಿ ಅಂತ ಓದಿದ್ದರು. ಅಷ್ಟೂ ನೀರಿಗೆ ಹಾಕಿದಂತಾಯಿತು. ಆಮೇಲೆ ಐದು ತಿಂಗಳು ಬೆಳಗ್ಗೆ ಎದ್ದು ಮೋಡಿ ನಾನೇ ಕಲಿತೆ. ಈಗ ದಿನಕ್ಕೆ ಇಪ್ಪತ್ತು ಪುಟ ಸಲೀಸಾಗಿ ಓದುತ್ತೇನೆ.

ಅದಕ್ಕಿಂತ ದೊಡ್ಡ ಪೆಟ್ಟು ಬಿದ್ದದ್ದು ಸಂವತ್ಸರದಲ್ಲಿ. ಅರವತ್ತು ಹೆಸರು, ಅರವತ್ತು ವರ್ಷಕ್ಕೊಮ್ಮೆ ಅದೇ ಹೆಸರು ಮತ್ತೆ ಬರುತ್ತದೆ. ‘ಜಯ ಸಂವತ್ಸರ, ಕುದುರೆ ಎರಡು ಮಾರಿದ್ದು’ ಅಂತ ಒಂದು ಸಾಲು. ಜಯ ಅಂದರೆ 1954, ಕಾಯ್ದೆಯ ವರ್ಷ! ಕಾನೂನು ಬಂದ ತಕ್ಷಣ ಕುದುರೆ ಮಾರಿದರು ಅಂತ ನಲವತ್ತು ಪುಟ ಬರೆದುಬಿಟ್ಟೆ. ನಾಲ್ಕು ಹಾಳೆ ಮುಂದೆ ಪುಷ್ಯ ಮಾಸದಲ್ಲಿ ಇನ್ನೊಂದು ಸಾಲು ಇತ್ತು: ಮಹಾಸ್ವಾಮಿಯವರು ಕಲ್ಕತ್ತೆಯಲ್ಲಿ ತೀರಿಕೊಂಡ ಸುದ್ದಿ, ಅಂಗಡಿ ಮುಚ್ಚಿದ್ದವು, ಎಣ್ಣೆ ಸಿಗಲಿಲ್ಲ. ಮೈಸೂರಿನ ದೊರೆ ಚಾಮರಾಜೇಂದ್ರ ಒಡೆಯರು ಕಲ್ಕತ್ತೆಯಲ್ಲಿ ತೀರಿಕೊಂಡದ್ದು 1894ರ ಡಿಸೆಂಬರಿನಲ್ಲಿ. ಒಂದು ಸುತ್ತು, ಸರಿಯಾಗಿ ಅರವತ್ತು ವರ್ಷ ತಪ್ಪಿದ್ದೆ. ನಲವತ್ತು ಪುಟವನ್ನೂ ಹರಿದು ಹಾಕಿದೆ.

ಆ ತಪ್ಪಿನಿಂದಲೇ ದಾರಿ ತೆರೆಯಿತು. ಕಾನೂನಿಗೆ ಅರವತ್ತು ವರ್ಷ ಮೊದಲೇ ಇವರು ಕುದುರೆ ಯಾಕೆ ಮಾರಿದರು? ಹುಡುಕುತ್ತಾ ಹೋದೆ. 1898ರ ಪ್ಲೇಗ್ ಆದ ಮೇಲೆ ಬಸವನಗುಡಿ ಬೆಳೆಯಿತಲ್ಲ, ಅಲ್ಲಿ ಒಂದು ಬಾಡಿಗೆ ಮನೆ ಹಿಡಿದಿದ್ದಾರೆ. ಊರಿಂದ ರಾಗಿ ಬಂದ ಗಾಡಿ ಬಾಡಿಗೆ, ಹುಡುಗರ ಸ್ಕೂಲ್ ಫೀಸು, ಸ್ಲೇಟು, ಕೋಟು ಹೊಲಿಸಿದ್ದು. ಪ್ರತಿ ವರ್ಷ ಈ ಖರ್ಚು ಜಾಸ್ತಿಯಾಗುತ್ತಾ, ದಸರಾ ಮೆರವಣಿಗೆಯ ಖರ್ಚು ಕಡಿಮೆಯಾಗುತ್ತಾ ಬಂದಿದೆ. 1930ರ ಹೊತ್ತಿಗೆ ಇಬ್ಬರು ಸರ್ಕಾರಿ ಸಂಬಳದಲ್ಲಿದ್ದರು. ಕಾನೂನು ಬರುವ ಮೊದಲೇ ಮನೆ ಜಮೀನಿನಿಂದ ಸಂಬಳದ ಕಡೆಗೆ ತಿರುಗಿತ್ತು. 1954ರ ಪುಸ್ತಕದಲ್ಲಿ ಇನಾಂ ಹೋದದ್ದಕ್ಕೆ ಅರ್ಧ ಪುಟವೂ ಇಲ್ಲ.

ಅದೇ ಹಳ್ಳಿ, ಅದೇ ಕಾಯ್ದೆ, ಅವರ ಚಿಕ್ಕಪ್ಪನ ಕಡೆಯವರದು ಬೇರೆ ದಾರಿ. ಛಾಪಾ ಕಾಗದ, ವಕೀಲರ ಫೀಸು, ಕೋರ್ಟಿನ ಹತ್ತಿರ ಕಾಫಿ ತಿಂಡಿ, ಹದಿನೆಂಟು ವರ್ಷ ಇದೇ ಲೆಕ್ಕ. ಓದುತ್ತಾ ನನಗೆ ಹೊಟ್ಟೆ ಉರಿಯಿತು.

ನಡುವೆ ಎರಡು ತಿಂಗಳು ಸುಮ್ನೆ ಕುತೂಹಲಕ್ಕೆ, ಹೊರದೇಶದಲ್ಲಿ ಇಂಥ ಮನೆಗಳಿಗೆ ಏನಾಯಿತು ಅಂತ ಓದಿ ನೋಡಿದೆ. ಫ್ರಾನ್ಸಿನಲ್ಲಿ 1789ರ ಆಗಸ್ಟ್ 4ರ ರಾತ್ರಿ ಸಭೆಯಲ್ಲಿ ಕುಲೀನರೇ ಎದ್ದು ನಿಂತು ತಮ್ಮ ಹಕ್ಕು ಬಿಟ್ಟುಕೊಟ್ಟರು. ದೇಶ ಬಿಟ್ಟು ಓಡಿದವರ ಜಮೀನು ಹರಾಜಾಯಿತು. ಪರಿಹಾರದ ಕಾನೂನು ಬಂದದ್ದು 1825ರಲ್ಲಿ. ಜಪಾನಿನಲ್ಲಿ 1876ರಲ್ಲಿ ಸಮುರಾಯ್‌ಗಳ ವರ್ಷಾಶನ ನಿಲ್ಲಿಸಿ ಕೈಗೆ ಬಾಂಡ್ ಕೊಟ್ಟರು. ದೊಡ್ಡ ಮನೆಯವರು ಆ ಬಾಂಡನ್ನೇ ಬಂಡವಾಳ ಮಾಡಿ ಮರುವರ್ಷ ಬ್ಯಾಂಕ್ ತೆರೆದರು. ಟೊಕುಗಾವಾ ಕಡೆಯ ಯೋಧರು ಕೆಲವರು ಅದಕ್ಕೂ ಮೊದಲೇ ಮಕಿನೊಹಾರಾದಲ್ಲಿ ಟೀ ಗಿಡ ನೆಟ್ಟಿದ್ದರು. ಕತ್ತಿ ಹಿಡಿದ ಕೈ ಗುದ್ದಲಿ ಹಿಡಿಯಿತು. ನಮ್ಮ ಮೈಸೂರು ಅರಮನೆಗೇ 1971ರಲ್ಲಿ ವರ್ಷಕ್ಕೆ 26 ಲಕ್ಷದ ರಾಜಧನ ನಿಂತುಹೋಯಿತು, ಅಲ್ವಾ? ಇವರೆಲ್ಲರ ಮನೆಖರ್ಚಿನ ಲೆಕ್ಕ ಸಿಕ್ಕರೆ ಅಲ್ಲೂ ನನ್ನ ದಾರಿ ನಡೆಯುತ್ತದೆ.

ಹಳೆಯ ಪೈಮಾಶಿ (ಜಮೀನು ಅಳತೆ) ನಂಬರನ್ನು ಈಗಿನ ಪಹಣಿಗೆ ಹೇಗೆ ಜೋಡಿಸುತ್ತೇನೆ ಅಂತ ತುಂಬಾ ಜನ ಕೇಳುತ್ತಾರೆ. ಅದು ನನ್ನ ಹೊಟ್ಟೆಪಾಡು, ಬಿಡಿಸಿ ಹೇಳಲಾರೆ. ಇನ್ನೊಂದು ಹೇಳುತ್ತೇನೆ. ಅಜ್ಜಿಯರ ಹತ್ತಿರ ಜಮೀನಿನ ಮಾತು ತೆಗೆಯಬೇಡಿ. ಪಾತ್ರೆ ಕೇಳಿ.

ಚಿಕ್ಕಪ್ಪನ ಕಡೆಯ ಪುಸ್ತಕದಲ್ಲಿ ‘ಬೆಳ್ಳಿ ಚೊಂಬು ಒಂದು, ಸೇಟು ಅಂಗಡಿ’ ಅಂತ ಇತ್ತು. ಸೇಟು ಅಂಗಡಿ ಅಂದರೆ ಗಿರವಿ ಅಂಗಡಿ. ಆ ಮನೆಯ ಹಿರಿಯ ಸೊಸೆ ಇನ್ನೂ ಇದ್ದಾರೆ, ಎಂಬತ್ತು ದಾಟಿದೆ. ಆ ಸಾಲು ಓದಿ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಅದು ಈ ಮನೇದಲ್ಲಪ್ಪ, ನನ್ನ ತವರಿಂದು’ ಅಂದರು. ತಟ್ಟೆ, ಕುಂಕುಮದ ಭರಣಿ, ದೀಪ, ಒಂದೊಂದನ್ನೇ ಕೇಳುತ್ತಾ ಹೋದೆ. ಪುಸ್ತಕದಲ್ಲಿದ್ದ ಆರು ಬೆಳ್ಳಿ ಸಾಮಾನೂ ಅವರವೇ. ವಕೀಲರ ಫೀಸು ಅವರ ತವರಿನ ಬೆಳ್ಳಿಯಿಂದ ಹೋಗಿತ್ತು, ಪುಸ್ತಕದಲ್ಲಿ ಅದರ ಸುಳಿವೇ ಇಲ್ಲ.

ಮೂರನೆಯ ಮನೆಯ ಟ್ರಂಕು ಈಗ ಮೇಜಿನ ಮೇಲಿದೆ. ನನ್ನ ಪಟ್ಟಿಯಲ್ಲಿ ‘ಏನು’, ‘ಎಷ್ಟಕ್ಕೆ’ ಪಕ್ಕದಲ್ಲಿ ಇನ್ನೊಂದು ಕಾಲಂ ಎಳೆದಿದ್ದೇನೆ: ‘ಯಾರದು’.